ಒಂಬತ್ತು ಕುಟುಂಬ, ಒಂದು ಊಟದ ಮನೆ: ಜಮೀನಿಗೆ ಮುಂಗಡ ಕೊಡುವ ಮೊದಲು

ಪ್ರಶ್ನೆ: ನಾವು ಮೈಸೂರಿನ ಒಂಬತ್ತು ಕುಟುಂಬಗಳು, ಹಳೆಯ ಸ್ನೇಹಿತರು. ಹೆಚ್ಚಿನವರು 55ರಿಂದ 65ರ ವಯಸ್ಸಿನವರು. ಮಕ್ಕಳು ಬೆಂಗಳೂರು, ಅಮೆರಿಕ, ಜರ್ಮನಿಯಲ್ಲಿದ್ದಾರೆ. ಒಂದೇ ಕಡೆ ಸಣ್ಣ ಸಣ್ಣ ಮನೆ ಕಟ್ಟಿಕೊಂಡು, ನಡುವೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಊಟದ ಹಾಲ್ ಇಟ್ಟುಕೊಳ್ಳಬೇಕೆಂದಿದ್ದೇವೆ. ಡೆನ್ಮಾರ್ಕ್ ಕಡೆಯ ಕೋಹೌಸಿಂಗ್ ಬಗ್ಗೆ ಓದಿದ ಮೇಲೆ ಬಂದ ಯೋಚನೆ ಇದು. ನಂಜನಗೂಡು ರಸ್ತೆಯ ಕಡೆ ಎರಡು ಎಕರೆ ಹೊಲ ನೋಡಿದ್ದೇವೆ. ಮಾಲೀಕರು ಈ ತಿಂಗಳೊಳಗೆ ಮುಂಗಡ ಕೇಳುತ್ತಿದ್ದಾರೆ. ಒಂಬತ್ತು ಜನರ ಹೆಸರಿಗೂ ಜಂಟಿಯಾಗಿ ಕ್ರಯ ಮಾಡಿಸಿಕೊಂಡರೆ ಸಾಕೇ? ಮುಂದೆ ಏನು ಮಾಡಬೇಕು?

ಉತ್ತರ: ಈ ತಿಂಗಳು ಮುಂಗಡ ಕೊಡಬೇಡಿ. ನಿಮ್ಮ ಆಸೆ ಒಳ್ಳೆಯದು, ಆಗುವಂಥದ್ದೂ ಹೌದು. ಆದರೆ ಕೆಲಸದ ಸಾಲು ಹಿಂದುಮುಂದಾಗಿದೆ. ಮೊದಲು ಕಾಗದದ ಮೇಲೆ ಬರಬೇಕಾದದ್ದು ನಡುವೆ ಬಿಟ್ಟುಹೋಗುವವರ ಲೆಕ್ಕ. ಆಮೇಲೆ ಊಟದ ಲೆಕ್ಕ. ಜಮೀನಿನ ಸರದಿ ಮೂರನೆಯದು. ಹಳೆಯ ಸ್ನೇಹಿತರಲ್ಲಿ ದಾಕ್ಷಿಣ್ಯ ಜಾಸ್ತಿ. ಆ ದಾಕ್ಷಿಣ್ಯಕ್ಕೆ ಮೊದಲೆರಡನ್ನು ಬರೆಯದೆ ಬಿಟ್ಟು ಎಲ್ಲರೂ ಒಟ್ಟಿಗೆ ಹೊಲ ನೋಡಲು ಹೊರಡುತ್ತಾರೆ. ಇಂಥ ಗುಂಪುಗಳು ಒಡೆಯುವುದು ಹೆಚ್ಚಾಗಿ ಹಾಗೆಯೇ.

ಡೆನ್ಮಾರ್ಕ್‌ನ ಮೊದಲ ಪ್ರಯತ್ನವೂ ಜಾಗದ ವಿಷಯದಲ್ಲೇ ಮುಗ್ಗರಿಸಿತು. 1964ರಲ್ಲಿ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್ ಹೋಯರ್ ಮತ್ತು ಸ್ನೇಹಿತರು ಕೋಪನ್‌ಹೇಗನ್‌ನ ಹೊರವಲಯದ ಹಾರೆಸ್ಕೋವ್‌ನಲ್ಲಿ ಜಾಗ ಹಿಡಿದು, ಸಾಮೂಹಿಕ ಮನೆಯ ಸುತ್ತ 12 ಮನೆಗಳ ನಕ್ಷೆ ಹಾಕಿದರು. ಊರಿನ ಆಡಳಿತ ಒಪ್ಪಿತ್ತು. ಒಪ್ಪದವರು ನೆರೆಯವರು. ಮಕ್ಕಳ ಗಲಾಟೆ ಜಾಸ್ತಿಯಾಗುತ್ತದೆಂದು ಹೆದರಿ, ದಾರಿಗೆ ಬೇಕಾಗಿದ್ದ ತುಂಡು ಜಾಗವನ್ನು ತಾವೇ ಕೊಂಡುಬಿಟ್ಟರು. ಯೋಜನೆ ಅಲ್ಲಿಗೆ ನಿಂತಿತು. 1968ರಲ್ಲಿ ಹೋಯರ್ ಪತ್ರಿಕೆಯೊಂದರಲ್ಲಿ ಈ ವಿಚಾರ ಬರೆದಾಗ ನೂರಕ್ಕೂ ಹೆಚ್ಚು ಕುಟುಂಬಗಳು ಆಸಕ್ತಿ ತೋರಿದವು. ಹಿಲರೋಡ್ ಬಳಿಯ ಸೆಟ್ಟೆಡಾಮೆನ್‌ನಲ್ಲಿ 27 ಮನೆಗಳು 1972ರಲ್ಲಿ, ಸ್ಕ್ರೋಪ್ಲಾನೆಟ್‌ನಲ್ಲಿ 33 ಮನೆಗಳು 1973ರಲ್ಲಿ ತಯಾರಾದವು. ಅಮೆರಿಕದ ಮೊದಲನೆಯದು ಕ್ಯಾಲಿಫೋರ್ನಿಯಾದ ಡೇವಿಸ್‌ನ ಮ್ಯೂರ್ ಕಾಮನ್ಸ್, 26 ಮನೆಗಳು, 1991. ಈಗ ಆ ದೇಶದಲ್ಲಿ ಇಂಥವು 150ಕ್ಕೂ ಹೆಚ್ಚಿವೆ.

ಈ ಎಲ್ಲ ಕಡೆಯೂ ವ್ಯವಸ್ಥೆ ಬಹುಮಟ್ಟಿಗೆ ಒಂದೇ. ಪ್ರತಿ ಕುಟುಂಬಕ್ಕೂ ಸ್ವಂತ ಅಡುಗೆಮನೆ, ಸ್ವಂತ ಬೀಗ ಇರುವ ಪೂರ್ತಿ ಮನೆ. ಅದರ ಜೊತೆಗೆ ಎಲ್ಲರಿಗೂ ಸೇರಿದ ಊಟದ ಮನೆ. ವಾರದಲ್ಲಿ ಕೆಲವು ರಾತ್ರಿ ಸರದಿಯ ಮೇಲೆ ಅಡುಗೆ. ನಿರ್ವಹಣೆ ನಿವಾಸಿಗಳದ್ದೇ. ಆದಾಯ, ಉಳಿತಾಯ, ಆಸ್ತಿ ಯಾರದ್ದು ಅವರಿಗೆ. ಒಟ್ಟು ಕುಟುಂಬದಲ್ಲಿರುವ ಹಾಗೆ ಯಜಮಾನರೊಬ್ಬರು ಇಲ್ಲಿಲ್ಲ. ವೃದ್ಧಾಶ್ರಮದಲ್ಲಿರುವ ವ್ಯವಸ್ಥಾಪಕರೂ ಇಲ್ಲ.

ಕೂಡಿ ಮನೆ ಕಟ್ಟುವ ವಿದ್ಯೆ ನಮಗೆ ಹೊಸದೇನಲ್ಲ. ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಹುಟ್ಟಿದ್ದು 1909ರಲ್ಲಿ. ದೇಶದ ಮೊದಲ ವಸತಿ ಸಹಕಾರ ಸಂಘವೆಂದು ಅದನ್ನು ಗುರುತಿಸುತ್ತಾರೆ. ಭಟ್ಕಳದ ಹತ್ತಿರದ ಶಿರಾಲಿಯಲ್ಲಿ ಮಠವಿರುವ ಚಿತ್ರಾಪುರ ಸಾರಸ್ವತರು ಮುಂಬೈಗೆ ವಲಸೆ ಹೋದ ಮೇಲೆ, ರಾವ್ ಬಹಾದ್ದೂರ್ ಎಸ್.ಎಸ್. ತಾಲ್ಮಕಿಯವರ ಮುಂದಾಳತ್ವದಲ್ಲಿ 1915ರಲ್ಲಿ ಗಾಮ್‌ದೇವಿಯ ಸಾರಸ್ವತ ಸಹಕಾರ ವಸತಿ ಸಂಘ ಕಟ್ಟಿದರು. ಅಲ್ಲಿ ಕಟ್ಟಡ ಸಂಘದ್ದು, ವಾಸದ ಹಕ್ಕು ಸದಸ್ಯರದ್ದು. ಆಮೇಲೆ ನಮ್ಮ ಸಹಕಾರ ಸಂಘಗಳು ನಿವೇಶನ ಹಂಚುವುದರಲ್ಲೇ ಮುಳುಗಿಹೋದವು. ಕೂಡಿ ಬಾಳುವ ಭಾಗ ಬಿಟ್ಟುಹೋಯಿತು.

ಈಗ ನಿಮ್ಮ ಹೊಲದ ವಿಷಯ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಮನೆ ಕಟ್ಟುವಂತಿಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ವಸತಿಗೆ ಬಳಸಲು ಒಪ್ಪಿಗೆ, ಆಗಬೇಕು. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಸರ್ವೆ ನಂಬರ್ ವಸತಿ ವಲಯದಲ್ಲಿ ಇಲ್ಲದಿದ್ದರೆ ಪರಿವರ್ತನೆ ಸುಲಭವಲ್ಲ. ಪರಿವರ್ತನೆಗೆ ಮೊದಲೇ ಒಂಬತ್ತು ಹೆಸರಿಗೆ ಜಂಟಿ ಕ್ರಯವಾದರೆ ಮೂರು ತೊಂದರೆ. ಬ್ಯಾಂಕು ಗೃಹಸಾಲ ಕೊಡುವುದಿಲ್ಲ. ಒಂಬತ್ತರಲ್ಲಿ ಯಾರೇ ಒಬ್ಬರು, ಅಥವಾ ಅವರು ತೀರಿಕೊಂಡ ಮೇಲೆ ಅವರ ವಾರಸುದಾರರು, ವಿಭಾಗ ದಾವೆ ಹಾಕಬಹುದು. ಅನಿವಾಸಿಯಾದ ಮಗನನ್ನೋ ಮಗಳನ್ನೋ ಕ್ರಯಪತ್ರದಲ್ಲಿ ಸೇರಿಸುವಂತಿಲ್ಲ, ಏಕೆಂದರೆ ವಿದೇಶಿ ವಿನಿಮಯ ನಿಯಮದ ಪ್ರಕಾರ ಅನಿವಾಸಿ ಭಾರತೀಯರು ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ.

ಮಾಲೀಕರಿಗೆ ಹೀಗೆ ಹೇಳಿ: ಸಣ್ಣ ಮೊತ್ತದ ಟೋಕನ್ ಕೊಡುತ್ತೇವೆ, ಪರಿವರ್ತನೆ ನಿಮ್ಮ ಹೆಸರಿನಲ್ಲೇ ಆಗಲಿ, ಖರ್ಚು ನಮ್ಮದು, ಆರು ತಿಂಗಳಲ್ಲಿ ಆಗದಿದ್ದರೆ ಟೋಕನ್ ವಾಪಸ್. ಇದನ್ನು ಕ್ರಯದ ಕರಾರಿನಲ್ಲಿ ಬರೆಸಿ ನೋಂದಣಿ ಮಾಡಿಸಿ. ಇದಕ್ಕೆ ಒಪ್ಪದ ಮಾಲೀಕರಿಗೆ ಆ ಜಾಗದ ಬಗ್ಗೆ ನಿಮಗೆ ಗೊತ್ತಿಲ್ಲದ ಏನೋ ಗೊತ್ತಿದೆ ಎಂದು ತಿಳಿಯಿರಿ. ಪಹಣಿ, ಮ್ಯುಟೇಷನ್, ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ), ಆಕಾರ್‌ಬಂದ್, ಸರ್ವೆ ಟಿಪ್ಪಣಿ, ಗ್ರಾಮ ನಕಾಶೆ ಎಲ್ಲವನ್ನೂ ವಕೀಲರು ನೋಡಲಿ. ಹಿಂದೆ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ), ಹಳ್ಳ, ರಾಜಕಾಲುವೆ ಎಲ್ಲಿ ಹಾಯುತ್ತವೆಂದು ಸರ್ವೆಯರನ್ನು ಕರೆದು ಗುರುತು ಹಾಕಿಸಿ. ಹಾರೆಸ್ಕೋವ್‌ನಲ್ಲಿ ಆದ ತಪ್ಪು ಇಲ್ಲಿ ಆಗಬಾರದು. ಗ್ರಾಮ ನಕಾಶೆಯಲ್ಲಿ ದಾರಿ ಇದೆಯೇ, ಅಥವಾ ಪಕ್ಕದ ಹೊಲದವರು ಬಿಟ್ಟುಕೊಟ್ಟ ರೂಢಿಯ ದಾರಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ರೂಢಿಯ ದಾರಿ ಎತ್ತಿನಗಾಡಿಗೆ ಸಾಕು, ಕಟ್ಟಡದ ಪರವಾನಗಿಗೆ ಸಾಲದು.

ಪರಿವರ್ತನೆಯಾದ ಮೇಲೆ ಬಡಾವಣೆ ಮಾಡಿ ಸೈಟು ಹಂಚಿಕೊಳ್ಳುವ ಯೋಚನೆ ಯಾರಾದರೂ ಮುಂದಿಟ್ಟರೆ ಒಪ್ಪಬೇಡಿ. ಬಡಾವಣೆಯಾದರೆ ರಸ್ತೆ, ಉದ್ಯಾನಗಳನ್ನು ಸಾಮಾನ್ಯವಾಗಿ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡಬೇಕು. ನಿಮ್ಮ ಊಟದ ಮನೆಗೆ ಜಾಗವೇ ಉಳಿಯುವುದಿಲ್ಲ. ಮನೆಗಳನ್ನು ಬಿಡಿ ಸೈಟುಗಳ ಮೇಲೆ ಕಟ್ಟಬೇಡಿ. ಒಂದೇ ಖಾತೆಯ ಜಾಗದಲ್ಲಿ ಗ್ರೂಪ್ ಹೌಸಿಂಗ್ ಆಗಿ ನಕ್ಷೆ ಮಂಜೂರು ಮಾಡಿಸಿ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣಾ ಪತ್ರ ನೋಂದಾಯಿಸಿ. ಮನೆ ನಿಮ್ಮದು, ನೆಲದಲ್ಲಿ ಅವಿಭಜಿತ ಪಾಲು ನಿಮ್ಮದು, ಊಟದ ಮನೆ ಎಲ್ಲರದ್ದು. ಈ ದಾರಿಯ ದೊಡ್ಡ ಲಾಭವೆಂದರೆ ಬೈಲಾ. ನಾಳೆ ನಿಮ್ಮ ಮನೆ ಕೊಳ್ಳುವವರಿಗೂ, ಬಾಡಿಗೆಗೆ ಬರುವವರಿಗೂ, ವಾರಸುದಾರರಿಗೂ ಅದು ಅನ್ವಯಿಸುತ್ತದೆ. ಸ್ನೇಹಿತರ ನಡುವಿನ ಬರೀ ಕರಾರಿಗೆ ಆ ಬಲವಿಲ್ಲ. ಈ ಕಾಯ್ದೆಗೆ ಒಟ್ಟು ನಾಲ್ಕಾದರೂ ಮನೆ ಬೇಕು, ಕಟ್ಟಡ ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದರಲ್ಲೂ ಎರಡಾದರೂ ಮನೆ ಬೇಕು. ಆದ್ದರಿಂದ ಬಿಡಿ ವಿಲ್ಲಾಗಳ ಬದಲು ನಡುಗೋಡೆ ಹಂಚಿಕೊಂಡ ಜೋಡಿ ಮನೆ ಕಟ್ಟಿ. ವೆಚ್ಚವೂ ಇಳಿಯುತ್ತದೆ.

1960ರ ಸಂಘಗಳ ನೋಂದಣಿ ಕಾಯ್ದೆ ಇದಕ್ಕೆ ಬೇಡ. ಅದು ಧರ್ಮಕಾರ್ಯ, ಶಿಕ್ಷಣ, ಸಾಹಿತ್ಯ, ಕ್ರೀಡೆ ಮುಂತಾದ ಉದ್ದೇಶಗಳಿಗೆ ಇರುವುದು. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿ ಅದರ ಹೆಸರಲ್ಲಿ ಜಮೀನು ಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಆಮೇಲೆ ಮನೆಗಳನ್ನು ಸದಸ್ಯರ ಹೆಸರಿಗೆ ಬಿಡಿಸಿಕೊಳ್ಳುವಾಗ ಮುದ್ರಾಂಕ ಶುಲ್ಕ ಇನ್ನೊಮ್ಮೆ ಬೀಳುವ ಅಪಾಯವಿದೆ. ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ನಿಮ್ಮ ವಾಸಕ್ಕೆ ನೀವೇ ಕಟ್ಟಿಸಿಕೊಂಡು ಯಾರಿಗೂ ಮಾರದಿದ್ದರೆ ಅದರ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಕಟ್ಟುವ ಹಂತದಲ್ಲಿ ಹೊರಗಿನವರಿಗೆ ಒಂದೆರಡು ಮನೆ ಮಾರಹೊರಟರೆ ಆ ಕಾಯ್ದೆಯ ಕಣ್ಣಿಗೆ ನೀವೇ ಪ್ರವರ್ತಕರು (ಬಿಲ್ಡರ್) ಆಗಿಬಿಡುತ್ತೀರಿ. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮನೆಯವರೆಗೆ ಮಾತ್ರ ನೋಂದಣಿಯಿಂದ ವಿನಾಯಿತಿ. ಎಲ್ಲ ಸದಸ್ಯರೂ ಕ್ರಯಪತ್ರದ ಹಂತದಲ್ಲೇ ಸೇರಿರಬೇಕು ಎನ್ನುವುದು ಇದಕ್ಕೇ.

ಬಿಟ್ಟುಹೋಗುವವರ ಕಲಮುಗಳಿಗೆ ಬರೋಣ. ಮನೆ ಕಟ್ಟಿ ಒಳಬರುವ ಮೊದಲೇ ಒಂದೋ ಎರಡೋ ಕುಟುಂಬ ಹಿಂದೆ ಸರಿಯುತ್ತವೆ. ಕಾಯಿಲೆ, ಮಗಳ ಬಾಣಂತನ, ಮಗನ ವಿರೋಧ, ಕಾರಣ ಏನೂ ಆಗಬಹುದು. ಅದು ದ್ರೋಹವಲ್ಲ, ಸಹಜ. ಲೆಕ್ಕ ಮೂರು ಹಂತದಲ್ಲಿ ಇರಲಿ. ಮೊದಲ ಹಂತದಲ್ಲಿ ಪ್ರತಿ ಕುಟುಂಬವೂ ವಕೀಲ, ಸರ್ವೆ, ವಾಸ್ತುಶಿಲ್ಪಿಯ ಖರ್ಚಿಗೆ 25,000 ರೂಪಾಯಿ ಹಾಕಲಿ. ಇದು ಯಾರಿಗೂ ವಾಪಸ್ ಇಲ್ಲ. ಜಮೀನು ಕೊಂಡ ಮೇಲೆ ಹೋಗುವವರಿಗೆ ಕೊಟ್ಟ ಹಣ ಬಡ್ಡಿಯಿಲ್ಲದೆ ವಾಪಸ್, ಬದಲಿ ಕುಟುಂಬ ಸಿಕ್ಕಾಗ ಅಥವಾ 12 ತಿಂಗಳಿಗೆ, ಯಾವುದು ಮೊದಲೋ ಆಗ. ಕಟ್ಟಡ ಶುರುವಾದ ಮೇಲೆ ಬದಲಿ ಕುಟುಂಬ ಬರುವವರೆಗೆ ಹಣ ಇಲ್ಲ, ಕಂತು ನಿಲ್ಲಿಸುವಂತೆಯೂ ಇಲ್ಲ. ಕಠಿಣ ಅನ್ನಿಸಬಹುದು. ಆದರೆ ಪಾಯ ಹಾಕಿದ ಮೇಲೆ ಒಂದು ಕಂತು ನಿಂತರೆ ಗುತ್ತಿಗೆದಾರ ಎಲ್ಲರ ಕೆಲಸ ನಿಲ್ಲಿಸುತ್ತಾನೆ.

ವಾಸ ಶುರುವಾದ ಮೇಲಿನ ಮಾರಾಟಕ್ಕೆ ಬೈಲಾದಲ್ಲಿ ಬರೆಯಿರಿ: ಮಾರುವವರು ಮೊದಲು ಗುಂಪಿಗೆ ಲಿಖಿತವಾಗಿ ತಿಳಿಸಬೇಕು, ಇಬ್ಬರು ನೋಂದಾಯಿತ ಮೌಲ್ಯಮಾಪಕರ ಸರಾಸರಿಯೇ ಬೆಲೆ, 90 ದಿನದಲ್ಲಿ ಗುಂಪೋ ಗುಂಪು ಸೂಚಿಸಿದವರೋ ಕೊಳ್ಳದಿದ್ದರೆ ಯಾರಿಗಾದರೂ ಮಾರಬಹುದು. ಮಾರಾಟವನ್ನೇ ತಡೆಯುವ ಕಲಮು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಜಾತಿಯ ಕಲಮನ್ನಂತೂ ಬಾಯಿಮಾತಿಗೂ ಇಟ್ಟುಕೊಳ್ಳಬೇಡಿ. ಅದು ಅನ್ಯಾಯ. ಕೊಳ್ಳುವವರ ಸಂಖ್ಯೆಯನ್ನು ಬೆರಳೆಣಿಕೆಗೆ ಇಳಿಸಿ, ಕೊನೆಗೆ ಮನೆಗಳು ಖಾಲಿ ಬೀಳುವಂತೆ ಮಾಡುವುದೂ ಅದೇ. ಊಟದ ಮನೆಯಲ್ಲಿ ಸಸ್ಯಾಹಾರ ಮಾತ್ರ ಎಂಬ ನಿಯಮ ಬೇಕಿದ್ದರೆ ಇರಲಿ, ಸ್ವಂತ ಮನೆಯ ಒಲೆಗೆ ಯಾವ ನಿಯಮವೂ ಬೇಡ. ಈರುಳ್ಳಿ, ಬೆಳ್ಳುಳ್ಳಿಯ ವಿಷಯವನ್ನೂ ಈಗಲೇ ಬಾಯಿಬಿಟ್ಟು ಮಾತಾಡಿ ಮುಗಿಸಿ.

ನಿಮ್ಮಂಥ ಗುಂಪಿಗೆ ಜಗಳಕ್ಕಿಂತ ದೊಡ್ಡ ಅಪಾಯ ಬೀಗ ಹಾಕಿದ ಮನೆ. ಮಕ್ಕಳ ಹತ್ತಿರ ಆರು ತಿಂಗಳು ಹೋಗುವವರಿರುತ್ತಾರೆ. ಒಬ್ಬರು ತೀರಿಕೊಂಡ ಮೇಲೆ ಇನ್ನೊಬ್ಬರನ್ನು ಮಕ್ಕಳು ಕರೆದೊಯ್ಯುತ್ತಾರೆ. ಮನೆ ಮಾರುವುದೂ ಇಲ್ಲ, ಬಾಡಿಗೆಗೂ ಕೊಡುವುದಿಲ್ಲ. ಇದರ ಪೆಟ್ಟು ಬೀಳುವುದು ಅಡುಗೆಯ ಸರದಿಯ ಮೇಲೆ. 14 ಮನೆ, 26 ವಯಸ್ಕರು ಎಂದುಕೊಳ್ಳಿ. ವಾರಕ್ಕೆ ಮೂರು ರಾತ್ರಿ ಊಟ, ಅಂದರೆ ತಿಂಗಳಿಗೆ 13. ಒಂದು ರಾತ್ರಿಗೆ ಮುಖ್ಯ ಅಡುಗೆಗೆ ಒಬ್ಬರು, ಜೊತೆಗೆ ಒಬ್ಬರು, ಬಡಿಸಿ ತೊಳೆಯಲು ಇಬ್ಬರು. ಒಟ್ಟು 52 ಪಾಳಿ, ತಲೆಗೆ ತಿಂಗಳಿಗೆ ಎರಡು. ಎರಡು ಪಾಳಿ ದುಡಿದು 13 ಊಟ ಉಣ್ಣುವುದು ಯಾರಿಗೂ ಭಾರವಲ್ಲ. ನಾಲ್ಕು ಮನೆಗೆ ಬೀಗ ಬಿದ್ದು 18 ಜನ ಉಳಿದರೆ ಅದೇ ಪಾಳಿ ಮೂರರ ಹತ್ತಿರ ಬರುತ್ತದೆ. ಮಂಡಿ ನೋವಿನವರು ಹಿಂದೆ ಸರಿಯುತ್ತಾರೆ, ಉಳಿದವರ ಪಾಲು ನಾಲ್ಕಾಗುತ್ತದೆ, ವರ್ಷ ತುಂಬುವುದರೊಳಗೆ ಊಟ ವಾರಕ್ಕೆ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಆರು ತಿಂಗಳಿಗಿಂತ ಹೆಚ್ಚು ಬೀಗ ಹಾಕಿದ ಮನೆ ಪಾಳಿಯ ಬದಲಿಗೆ ಹಣ ಕಟ್ಟಬೇಕು, ಒಂದು ವರ್ಷ ದಾಟಿದರೆ ಪಾಳಿಗೆ ಒಪ್ಪುವ ಬಾಡಿಗೆದಾರರಿಗೆ ಕೊಡಬೇಕು ಎಂದು ಬರೆಯಿರಿ. ಈ ಕಲಮನ್ನು ಮಕ್ಕಳಿಗೆ ಓದಿಸಿ, ಅವರ ಸಹಿಯನ್ನೂ ಹಾಕಿಸಿ.

ಒಂಬತ್ತನ್ನು ಹದಿನಾಲ್ಕಕ್ಕೆ ಏರಿಸಿಕೊಂಡು ಲೆಕ್ಕ ಹಾಕಿದ್ದು ಬೇಕೆಂದೇ. ಒಂಬತ್ತು ಮನೆಯಲ್ಲಿ ಇಬ್ಬರು ಊರಿಗೆ ಹೋಗಿ ಇಬ್ಬರಿಗೆ ಜ್ವರ ಬಂದರೆ ಸರದಿ ಮುರಿಯುತ್ತದೆ. ಮೂವತ್ತೈದು ದಾಟಿದರೆ ಒಬ್ಬರಿಗೊಬ್ಬರ ಪರಿಚಯ ತೆಳುವಾಗುತ್ತದೆ. ಹೊಸದಾಗಿ ಸೇರುವ ಐದು ಕುಟುಂಬ ನಿಮ್ಮ ವಯಸ್ಸಿನವರಾಗಿರಬಾರದು. ಮೂವತ್ತು, ನಲವತ್ತರ ಪ್ರಾಯದವರನ್ನು ಹುಡುಕಿ. ಎಲ್ಲರೂ ಒಟ್ಟಿಗೆ ಎಂಬತ್ತು ಮುಟ್ಟಿದರೆ ನೋಡಿಕೊಳ್ಳುವವರೇ ಇರುವುದಿಲ್ಲ. ಲಂಡನ್‌ನ ಹೈ ಬಾರ್ನೆಟ್‌ನಲ್ಲಿ 50 ದಾಟಿದ ಹೆಂಗಸರು ಸೇರಿ ಮಾಡಿಕೊಂಡ ನ್ಯೂ ಗ್ರೌಂಡ್‌ನಲ್ಲಿ 25 ಮನೆಗಳಿವೆ. 1998ರಲ್ಲಿ ಗುಂಪು ಕಟ್ಟಿದವರು ಒಳಬಂದದ್ದು 2016ರಲ್ಲಿ. ಅವರು ಮೊದಲೇ ಮಾಡಿಕೊಂಡ ಒಂದು ನಿರ್ಧಾರ ನಿಮಗೂ ಬೇಕು: ಒಬ್ಬರ ಮೇಲೊಬ್ಬರು ಕಣ್ಣಿಡುತ್ತೇವೆ, ವಿಚಾರಿಸಿಕೊಳ್ಳುತ್ತೇವೆ, ಸ್ನಾನ ಮಾಡಿಸುವ, ಮಲಮೂತ್ರ ತೆಗೆಯುವ ಶುಶ್ರೂಷೆ ನೆರೆಯವರ ಹೊಣೆಯಲ್ಲ. ಅದಕ್ಕೆ ಹೋಮ್‌ನರ್ಸ್ ಬೇಕು. ಅವರಿಗಾಗಿ ಊಟದ ಮನೆಯ ಪಕ್ಕ ಒಂದು ಕೋಣೆ ಈಗಲೇ ನಕ್ಷೆಯಲ್ಲಿ ಇರಲಿ.

ಹದಿನಾಲ್ಕು ಮನೆಗೆ ಒಂದು ಎಕರೆ ಧಾರಾಳ. ಎರಡು ಎಕರೆಯ ಬೇಲಿ, ಕಳೆ, ಕಾವಲು ಬರೀ ಖರ್ಚು. ಮನೆ 900 ಚದರಡಿ, ಎರಡು ಕೋಣೆ ಸಾಕು. ಊಟದ ಮನೆ 1,500 ಚದರಡಿ ಇರಲಿ: 30 ಜನ ಕೂರುವ ಹಾಲ್‌ಗೆ ಸುಮಾರು 480, ಅಡುಗೆಗೆ 220, ಸ್ನಾನಗೃಹ ಸೇರಿದ ಎರಡು ಅತಿಥಿ ಕೋಣೆಗೆ 360, ಉಳಿದದ್ದು ಉಗ್ರಾಣ, ಪಾತ್ರೆ ತೊಳೆಯುವ ಜಾಗ, ಶೌಚಾಲಯ, ನರ್ಸ್ ಕೋಣೆ, ಓಡಾಟಕ್ಕೆ. ಚದರಡಿಗೆ 2,400 ರೂಪಾಯಿ ಹಿಡಿದರೆ 36 ಲಕ್ಷ, ಮನೆಗೆ ಸುಮಾರು 2.6 ಲಕ್ಷದ ಪಾಲು. ಮಕ್ಕಳು ಬಂದಾಗ ಉಳಿಯಲೆಂದು ಪ್ರತಿ ಮನೆಯಲ್ಲೂ 150 ಚದರಡಿಯ ಮೂರನೇ ಕೋಣೆ ಕಟ್ಟಿದ್ದರೆ ಅದೊಂದಕ್ಕೇ 3.6 ಲಕ್ಷ ಆಗುತ್ತಿತ್ತು. ವರ್ಷದಲ್ಲಿ ಹನ್ನೊಂದು ತಿಂಗಳು ಖಾಲಿ ಇರುವ ಕೋಣೆ ಅದು. ಗೃಹಸಾಲ ನಿಮ್ಮ ಮನೆಯ ಮೇಲೆ ಸಿಗುತ್ತದೆ. ಊಟದ ಮನೆಯ ಪಾಲಿಗೆ ಮತ್ತು ಶೇ 10ರಷ್ಟು ಹೆಚ್ಚುವರಿ ಖರ್ಚಿಗೆ ಕೈಹಣ ಇಟ್ಟುಕೊಂಡಿರಿ.

ನಕ್ಷೆಯಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ ವಿಷಯಗಳು ಕೆಲವೇ. ಕಾರುಗಳು ಗೇಟಿನ ಹತ್ತಿರವೇ ನಿಲ್ಲಲಿ. ಗೇಟಿನಿಂದ ಮನೆಗೆ ನಡೆದುಹೋಗುವ ದಾರಿ ಊಟದ ಮನೆಯ ಬಾಗಿಲ ಮುಂದೆಯೇ ಹಾಯಲಿ. ಊಟದ ಮನೆ ಹಿಂದಿನ ಮೂಲೆಗೆ ಹೋದರೆ ಅದು ಕಲ್ಯಾಣಮಂಟಪದಂತೆ ಕಾರ್ಯಕ್ರಮವಿದ್ದಾಗ ಮಾತ್ರ ತೆರೆಯುತ್ತದೆ. ಮನೆಗಳ ಅಡುಗೆ ಕಿಟಕಿ ಈ ದಾರಿಗೆ ಮುಖ ಮಾಡಿರಲಿ, ಮಲಗುವ ಕೋಣೆ ಹಿಂದಕ್ಕೆ. ಮುಂದೆ ಜಗಲಿ ಆರಡಿ ಅಗಲ ಬೇಕು. ನಾಲ್ಕಡಿ ಮಾಡಿದರೆ ಚಪ್ಪಲಿ ಬಿಡುವ ಜಾಗವಾಗುತ್ತದೆ. ಆರಡಿಯಲ್ಲಿ ಎರಡು ಕುರ್ಚಿ ಹಾಕಿ ಕಾಲು ಚಾಚಬಹುದು, ಹಾಯುವವರು ನಿಂತು ಮಾತಾಡಿಸುತ್ತಾರೆ. ದಾರಿಯಲ್ಲಿ ಮೆಟ್ಟಿಲು ಬೇಡ, ಇಳಿಜಾರು ಹನ್ನೆರಡಕ್ಕೆ ಒಂದು, ಬಚ್ಚಲಿನ ಬಾಗಿಲು ಮೂರಡಿ.

ಎಲ್ಲ ಕಡೆ ಆಗುವ ಒಂದು ತಪ್ಪೆಂದರೆ ಊಟದ ಹಾಲಿನ ಸದ್ದು. ಗ್ರಾನೈಟ್ ನೆಲ, ಪ್ಲಾಸ್ಟರ್ ಗೋಡೆ, ಆರ್‌ಸಿಸಿ ಸೂರು, ಸ್ಟೀಲ್ ತಟ್ಟೆ. ಇಪ್ಪತ್ತು ಜನ ಒಟ್ಟಿಗೆ ಮಾತಾಡಿದರೆ ಕಿವಿಯಂತ್ರ ಹಾಕಿದವರಿಗೆ ಒಂದು ಪದವೂ ತಿಳಿಯುವುದಿಲ್ಲ. ಅವರು ಕಾರಣ ಹೇಳದೆ ಊಟಕ್ಕೆ ಬರುವುದನ್ನು ನಿಲ್ಲಿಸುತ್ತಾರೆ. ಸೂರಿಗೆ ಸದ್ದು ಹೀರುವ ಹಲಗೆ ಹಾಕಿಸಿ, ಕನಿಷ್ಠ ಸೂರಿನ ಮುಕ್ಕಾಲು ಭಾಗಕ್ಕೆ. ಉದ್ದನೆಯ ಮೇಜಿನ ಬದಲು ಆರು ಜನರ ಮೇಜು ಇಡಿ. ಪಾತ್ರೆ ತೊಳೆಯುವ ಜಾಗಕ್ಕೂ ಹಾಲ್‌ಗೂ ನಡುವೆ ಬಾಗಿಲಿರಲಿ.

ಅಡುಗೆಯನ್ನು ಮನೆಯ ಅಳತೆಗೇ ಬಿಡಿ, ಅದನ್ನು ಕೇಟರಿಂಗ್ ಮಾಡಬೇಡಿ. ಮೂವತ್ತು ಜನಕ್ಕೆ 2.5ರಿಂದ 3 ಕಿಲೋ ಅಕ್ಕಿ, ಹುಳಿಗೆ 1 ಕಿಲೋ ಚಿಲ್ಲರೆ ತೊಗರಿಬೇಳೆ, ಒಂದು ಪಲ್ಯ, ಮಜ್ಜಿಗೆ ಸಾಕು. ಮೂರು ದೊಡ್ಡ ಬರ್ನರ್, 12 ಲೀಟರಿನ ಎರಡು ಕುಕ್ಕರ್, ಓರೆಯಾಗುವ ಐದು ಲೀಟರ್ ಗ್ರೈಂಡರ್ ಇದ್ದರೆ ಕೆಲಸ ಆಗುತ್ತದೆ. ಇಷ್ಟು ಜನಕ್ಕೆ ಮುದ್ದೆ ತಿರುವಲು ತೋಳಿನ ಬಲ ಬೇಕು, ಆ ದಿನದ ಪಾಳಿಗೆ ಗಟ್ಟಿಮುಟ್ಟಾದವರನ್ನು ಹಾಕಿ. ಊಟಕ್ಕೆ ಹೆಸರು ಎರಡು ದಿನ ಮೊದಲು ಬರೆಯಬೇಕು, ತಟ್ಟೆಗೆ ಇಷ್ಟೆಂದು ಹಣ, ಮನೆಗೆ ಒಯ್ಯುವವರಿಗೆ ಕ್ಯಾರಿಯರ್. ತರಕಾರಿ ಹೆಚ್ಚಲು, ಪಾತ್ರೆ ತಿಕ್ಕಲು ಸಂಬಳದ ಸಹಾಯಕರನ್ನು ಇಟ್ಟುಕೊಳ್ಳಿ, ಅವರಿಗೂ ಅದೇ ಮೇಜಿನಲ್ಲಿ ಊಟ. ಆದರೆ ಪೂರ್ತಿ ಅಡುಗೆಯನ್ನು ಭಟ್ಟರಿಗೆ ವಹಿಸಿದ ದಿನ ಅದು ಮೆಸ್ ಆಗುತ್ತದೆ, ದೂರುಗಳು ಶುರುವಾಗುತ್ತವೆ. ತಾನೇ ಮುಂದಿನ ವಾರ ಮಾಡಬೇಕಾದವರು ಇಂದಿನ ಉಪ್ಪಿನ ಬಗ್ಗೆ ಗೊಣಗುವುದು ಕಡಿಮೆ. ಸ್ಟಾಕ್‌ಹೋಮ್‌ನ ಫಾರ್ಡ್‌ಕ್ನೆಪ್ಪೆನ್‌ನಲ್ಲಿ 43 ಮನೆಗಳಲ್ಲಿ ಬಾಳಿನ ಉತ್ತರಾರ್ಧದಲ್ಲಿರುವವರು 1993ರಿಂದ ತಾವೇ ತಂಡ ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದಾರೆ.

ನೀರಿನ ಲೆಕ್ಕ ಸರಳ. ತಲೆಗೆ 135 ಲೀಟರ್‌ನಂತೆ 30 ಜನಕ್ಕೆ ದಿನಕ್ಕೆ ಸುಮಾರು 4,000 ಲೀಟರ್, ವರ್ಷಕ್ಕೆ 15 ಲಕ್ಷ ಲೀಟರ್‌ನ ಆಸುಪಾಸು. ಒಂದೇ ಅಂತಸ್ತಿನಲ್ಲಿ ಕಟ್ಟಿದರೆ 1,300 ಚದರ ಮೀಟರ್ ಚಾವಣಿ ಸಿಗುತ್ತದೆ. ಮೈಸೂರಿನ ಸುಮಾರು 800 ಮಿಲಿಮೀಟರ್ ಮಳೆಗೆ ಅದರಿಂದ 8ರಿಂದ 9 ಲಕ್ಷ ಲೀಟರ್ ಬರುತ್ತದೆ. 50,000 ಲೀಟರಿನ ಸಂಪು ಕಟ್ಟಿ, ಮಿಕ್ಕಿದ್ದನ್ನು ಇಂಗುಗುಂಡಿಯ ಮೂಲಕ ಬೋರ್‌ವೆಲ್‌ಗೆ ಬಿಡಿ.

ಮುಂದಿನ ಸಭೆಗೆ ಜಮೀನಿನ ಫೋಟೋ ತರಬೇಡಿ. ಪ್ರತಿ ಕುಟುಂಬವೂ, ಗಂಡ ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ, ನಾಲ್ಕು ಉತ್ತರ ಬರೆದು ತರಲಿ: ಕೈಯಲ್ಲಿ ಎಷ್ಟು ಹಣವಿದೆ, ತಿಂಗಳಿಗೆ ಎಷ್ಟು ಪಾಳಿ ಮಾಡಬಲ್ಲೆ, ವರ್ಷದಲ್ಲಿ ಎಷ್ಟು ತಿಂಗಳು ಇಲ್ಲಿರುತ್ತೇನೆ, ನನ್ನ ನಂತರ ಮನೆ ಯಾರಿಗೆ. ಸಭೆಯ ನಡಾವಳಿ ಬರೆಯಲು ಒಬ್ಬರಿರಲಿ. ನಿರ್ಧಾರಗಳನ್ನು ಎಲ್ಲರ ಒಪ್ಪಿಗೆಯಿಂದ ಮಾಡಿ. ಎರಡು ಸಭೆಯಲ್ಲೂ ಒಪ್ಪಿಗೆ ಬಾರದಿದ್ದರೆ ಮೂರನೆಯದರಲ್ಲಿ ಮುಕ್ಕಾಲು ಪಾಲು ಮತ ಸಾಕು ಎಂಬ ನಿಯಮವನ್ನು ಮೊದಲ ದಿನವೇ ಬರೆದಿಡಿ. ಜೊತೆಗೆ ಮೂರು ತಿಂಗಳು, ಯಾರದಾದರೂ ಈಗಿನ ಮನೆಯಲ್ಲೇ, ವಾರಕ್ಕೊಮ್ಮೆ ಒಂಬತ್ತೂ ಕುಟುಂಬ ಸರದಿಯ ಮೇಲೆ ಅಡುಗೆ ಮಾಡಿ ಉಣ್ಣಿ. ಪಾತ್ರೆ ತೊಳೆಯಲು ಯಾರು ನಿಲ್ಲುತ್ತಾರೆ, ಯಾರು ಪ್ರತಿ ಸಲ ಬೇಗ ಎದ್ದು ಹೋಗುತ್ತಾರೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ವಕೀಲರ ಬಳಿಗೆ ಕರಾರಿನ ಕರಡು ಒಯ್ಯುವುದು ಅದಾದ ಮೇಲೆ.